ಒಂದೇ ಹಾಡು, ಹಲವು ಮಟ್ಟು

ಕಳೆದ ವರ್ಷದ ಆಟಿ ತಿಂಗಳಲ್ಲಿ ಒಂದು ಸಾಯಂಕಾಲ ನಾವು ನಾಲ್ಕೈದು ಮಂದಿ ಕಾಪುವಿನಲ್ಲಿರುವ ನನ್ನ ಸೋದರತ್ತೆಯವರ ಮನೆಯ ಚಾವಡಿಯಲ್ಲಿ ಕುಳಿತಿದ್ದೆವು. ಮಳೆಯು ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿದ್ದಿತು. ದೀಪವು ಆಗಲೇ ಎರಡು ಸಲ ಹೋಗಿ ಬಂದಿದ್ದಿತು. ಅತ್ತೆಯವರಿಗೆ ಎಂಬತ್ತಮೂರು ವರ್ಷ. ಕಣ್ಣು ಮಂದವಾಗಿರುವುದಾದರೂ ಕಿವಿ ಮಾತ್ರ ನಮ್ಮೆಲ್ಲರದಕ್ಕಿಂತ ಚುರುಕು. ಮಣಿಪಾಲದಲ್ಲಿ ಓದುತ್ತಿರುವ ನನ್ನ ಮಗಳು, ಅಜ್ಜಿಗೆ ಸಂತೋಷವಾಗಲೆಂದು, ತನ್ನ ಮೊಬೈಲಿನಲ್ಲಿ ಒಂದು ಹಾಡನ್ನು ಹಚ್ಚಿದಳು. ಅದರಲ್ಲಿ ಗಿಟಾರಿನ ನಾದವಿದ್ದಿತು, ಇಂಗ್ಲಿಷಿನ ಪದಗಳಿದ್ದುವು, ಅವುಗಳ ನಡುವೆ ವ್ಯಾಸರಾಯರ “ಕೃಷ್ಣಾ ನೀ ಬೇಗನೆ ಬಾರೋ” ಎಂಬ ದೇವರನಾಮವು ತೇಲಿಬರುತ್ತಿದ್ದಿತು. ಅತ್ತೆಯವರು ಸಿಡುಕುವರೋ ಎಂದು ನಾನು ಒಳಗೊಳಗೆ ಅಂಜುತ್ತಿದ್ದೆನು. ಅವರು ಸಿಡುಕಲಿಲ್ಲ. ಕಡೆಯವರೆಗೂ ಕೇಳಿ, “ಕಂಠ ಒಳ್ಳೇದುಂಟು ಮಗಾ. ಆದರೆ ಇದು ಆ ಮಟ್ಟಲ್ಲ” ಎಂದರು.

“ಯಾವ ಮಟ್ಟು ಅಜ್ಜಿ?”

“ನನ್ನ ಅಮ್ಮ ಹೇಳುತ್ತಿದ್ದ ಮಟ್ಟು.”

ಹೀಗೆಂದವರೇ, ಯಾರೂ ಕೇಳಿಕೊಳ್ಳುವುದಕ್ಕೆ ಮೊದಲೇ, ಮೆಲ್ಲನೆ ಹಾಡತೊಡಗಿದರು. ನಾನು ಸಂಗೀತಶಾಸ್ತ್ರವನ್ನು ಬಲ್ಲವನಲ್ಲ. ಆದರೂ ನಾನು ಹುಟ್ಟಿದಂದಿನಿಂದ ಕೇಳುತ್ತ ಬಂದ ಆ ಹಾಡಿಗೂ ಇದಕ್ಕೂ ಪದಗಳ ಹೊರತಾಗಿ ಬೇರೆ ಸಂಬಂಧವಿಲ್ಲವೆಂಬುದು ನನಗೂ ತಿಳಿಯಿತು. ಅದು ತಗ್ಗಿನಿಂದ ಹೊರಟು, ಏರುವಂತೆ ಮಾಡಿ ಏರದೆ, ಪ್ರತಿ ಸಾಲಿನ ಕೊನೆಯಲ್ಲಿ ತಟಕ್ಕನೆ ನಿಲ್ಲುವುದು; ನಿಂತು ಮತ್ತೆ ಹೊರಡುವುದು. ನನ್ನ ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅವರ ಒಂದು ಭಾವಚಿತ್ರವಾದರೂ ನಮ್ಮಲ್ಲಿಲ್ಲ. ಐವತ್ತು ದಾಟಿದ ವಯಸ್ಸಿನಲ್ಲಿ ಅವರ ದನಿಯ ನೆರಳು ಹೀಗೆ ನನ್ನ ಕಿವಿಗೆ ಬೀಳುವುದೆಂದು ನಾನು ಎಣಿಸಿರಲಿಲ್ಲ.

ಈ ಲೇಖನವು ಹುಟ್ಟಿದ್ದು ಅಲ್ಲಿಂದ. ಇಂಟರ್ನೆಟ್ಟಿನಲ್ಲಿ ಹಾಡು ಕೇಳುವ ಹವ್ಯಾಸವು ಈಗ ಮನೆಮನೆಗೂ ಬಂದಿರುವುದು. ಅಲ್ಲಿ ಕವರ್, ರೀಮಿಕ್ಸ್, ಮ್ಯಾಷಪ್ ಎಂಬ ಮೂರು ಮಾತುಗಳು ಮಕ್ಕಳ ಬಾಯಲ್ಲಿ ಸದಾ ಓಡಾಡುವುವು. ಹಿರಿಯರು ಇವನ್ನು ಕೇಳಿ ಮೂಗು ಮುರಿಯುವುದುಂಟು. ನಾನೂ ಮುರಿದವನೇ.

ಒಬ್ಬರು ಹಾಡಿ ಪ್ರಸಿದ್ಧವಾದ ಹಾಡನ್ನು ಮತ್ತೊಬ್ಬರು ತಮ್ಮ ರೀತಿಯಲ್ಲಿ ಹಾಡಿದರೆ ಅದು ಕವರ್. ಮೊದಲೇ ಮುದ್ರಿತವಾದ ಹಾಡನ್ನೇ ತೆಗೆದುಕೊಂಡು, ಅದರ ದನಿಗಳನ್ನು ಬಿಡಿಸಿ, ಕೆಲವನ್ನು ಕಿತ್ತು ಕೆಲವನ್ನು ಸೇರಿಸಿ ಬೇರೆ ಪಾಕಮಾಡಿದರೆ ರೀಮಿಕ್ಸ್. ಈ ಎರಡನೆಯ ವಿದ್ಯೆಯ ಮೂಲವನ್ನು ಹುಡುಕುತ್ತ ಹೋದರೆ ಜಮೈಕ ದ್ವೀಪದ ಕಿಂಗ್‌ಸ್ಟನ್ ನಗರಕ್ಕೆ ಮುಟ್ಟುವೆವು. ರೇಡಿಯೋ ರಿಪೇರಿಯಿಂದ ಕೆಲಸ ಆರಂಭಿಸಿದ ಕಿಂಗ್ ಟಬ್ಬಿ ಎಂಬಾತನು, ೧೯೬೦ರ ದಶಕದ ಕೊನೆಯಿಂದ ಮುಂದಕ್ಕೆ, ಹಾಡುಗಳಿಂದ ಕಂಠವನ್ನು ತೆಗೆದುಹಾಕಿ, ಡ್ರಮ್ಮನ್ನೂ ಮಂದ್ರದ ತಂತಿಯನ್ನೂ ಮುಂದಕ್ಕೆ ತಂದು, ನಡುನಡುವೆ ಮಾರ್ದನಿಯನ್ನು ಹೊಂದಿಸಿ ಕೇಳುವವರನ್ನು ಬೆರಗುಗೊಳಿಸಿದನು. ಇನ್ನು ಎರಡು ಬೇರೆ ಬೇರೆ ಹಾಡುಗಳನ್ನು ಒಂದರೊಳಗೊಂದು ಹೆಣೆದರೆ ಮ್ಯಾಷಪ್. ವಿದ್ಯಾ ವಾಕ್ಸ್ ಎಂಬ ಹೆಸರಿನಿಂದ ಹಾಡುವ, ಅಮೆರಿಕದಲ್ಲಿ ಬೆಳೆದ ಭಾರತೀಯ ಯುವತಿಯು ೨೦೧೬ರಲ್ಲಿ ಅಲ್ಲಿಯ ಒಂದು ಜನಪ್ರಿಯ ಗೀತೆಯೊಂದಿಗೆ ‘ಕಬೀರಾ’ ಎಂಬ ಹಿಂದಿ ಸಿನೆಮಾ ಹಾಡನ್ನು ಹೆಣೆದದ್ದನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಇಸ್ರೇಲಿನ ಕುಟಿಮಾನ್ ಎಂಬವನ ಸಾಹಸವು ಇದಕ್ಕೂ ವಿಚಿತ್ರವಾದುದು. ಯಾರು ಯಾರೋ ತಮ್ಮ ತಮ್ಮ ಮನೆಯಲ್ಲಿ ಕುಳಿತು ಬಾರಿಸಿ ಯೂಟ್ಯೂಬಿನಲ್ಲಿ ಹಾಕಿದ ತುಣುಕುಗಳನ್ನು ಆಯ್ದು ಜೋಡಿಸಿ, ೨೦೦೯ರಲ್ಲಿ ಅವನು ಹೊಸ ಹಾಡುಗಳನ್ನೇ ಕಟ್ಟಿದನು. ಒಬ್ಬರನ್ನೊಬ್ಬರು ಕಂಡರಿಯದವರು ಒಂದೇ ಮೇಳದಲ್ಲಿ ಕುಳಿತಂತಾಯಿತು.

ಇವೆಲ್ಲ ಹೊಸ ಕಾಲದ ಚೇಷ್ಟೆಗಳೆಂದು ತಿಳಿಯುವವರು ತಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಭಜನೆಯ ಪುಸ್ತಕವೋ ನಾಟಕದ ಹಾಡುಗಳ ಪುಸ್ತಕವೋ ಇದ್ದರೆ ತೆರೆದು ನೋಡಬೇಕು. ಪ್ರತಿ ಹಾಡಿನ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ “ಧಾಟಿ” ಎಂದೋ “ಮಟ್ಟು” ಎಂದೋ ಬರೆದು, ಇನ್ನೊಂದು ಹಾಡಿನ ಮೊದಲ ಪದಗಳನ್ನು ಅಚ್ಚುಹಾಕಿರುವರು. ಹಾಡು ಹೊಸದು, ಮಟ್ಟು ಪರಿಚಿತವಾದುದು. ಮರಾಠಿ ನಾಟಕದ ಮಟ್ಟು ಕನ್ನಡ ಕಂಪೆನಿಗಳ ರಂಗಕ್ಕೆ ಬಂದದ್ದು ಹೀಗೆ; ಹಿಂದಿ ಸಿನೆಮಾದ ಮಟ್ಟು ಭಜನೆಗೆ ಇಳಿದದ್ದೂ ಹೀಗೆಯೇ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ರಾಗಗಳಿಗೆ ಕನ್ನಡದ ಪದಗಳನ್ನು ಕೂಡಿಸಿ ಇಗರ್ಜಿಗಳಲ್ಲಿ ಹಾಡಿಸಿದರು. ನಮ್ಮೂರಿನ ಗೌಡ ಸಾರಸ್ವತರ ದೇವಸ್ಥಾನಗಳಲ್ಲಿ ಏಳು ದಿನ ಹಗಲಿರುಳು ಎಡೆಬಿಡದೆ ನಡೆಯುವ ಭಜನಾ ಸಪ್ತಾಹದಲ್ಲಿ ರಾತ್ರಿ ಮೂರು ಗಂಟೆಯ ಸರದಿಗೆ ಹೋಗಿ ಕುಳಿತು ನೋಡಿರಿ: ನಿದ್ದೆಗಣ್ಣಿನ ತರುಣರು ದಾಸರ ಪದವನ್ನು ಎಲ್ಲಿಯದೋ ಸಿನೆಮಾದ ಮಟ್ಟಿನಲ್ಲಿ ಎತ್ತಿಕೊಂಡ ಕೂಡಲೇ ತಾಳಗಳಿಗೆಲ್ಲ ಎಚ್ಚರವಾಗುವುದು.

ಯಕ್ಷಗಾನದಲ್ಲಿ ಈ ಜಗಳವು ಇನ್ನೂ ಮುಗಿದಿಲ್ಲ. ಭಾಗವತರು ಹೊಸ ರಾಗವನ್ನು ತಂದರೆ ಸಭೆಯಲ್ಲಿ ಅರ್ಧ ಮಂದಿ ತಲೆದೂಗುವರು, ಉಳಿದರ್ಧ ತಲೆ ತಗ್ಗಿಸುವರು. ೧೯೯೦ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರು ಬಡಗುತಿಟ್ಟಿಗೆ ಹೊಸ ರಾಗಗಳನ್ನು ತಂದಾಗಲೂ ಹೀಗೆಯೇ ಆಗಿದ್ದಿತು. ಇಂದು ಅವರ ಹಾಡುಗಾರಿಕೆಯ ಹಳೆಯ ಕ್ಯಾಸೆಟ್ಟುಗಳನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಏರಿಸಿರುವರು. ಅಂದು ತಲೆ ತಗ್ಗಿಸಿದವರ ಮಕ್ಕಳೇ ಈಗ ಅವನ್ನು ಹುಡುಕಿ ಕೇಳುವರು.

ಆರೂರಿನಲ್ಲಿ ೧೯೧೪ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಬೇಂದ್ರೆ, ಕುವೆಂಪು, ರಾಜರತ್ನಂ ಮೊದಲಾದವರ ಕವಿತೆಗಳು ಪುಸ್ತಕದ ಹಾಳೆಯಿಂದ ಹೊರಟು ಜನರ ನಾಲಗೆಗೆ ಬಂದದ್ದು ಅವರಂಥವರಿಂದ. ಕವಿತೆ ಒಬ್ಬರದು, ಮಟ್ಟು ಮತ್ತೊಬ್ಬರದು, ಕಂಠ ಇನ್ನೊಬ್ಬರದು: ಭಾವಗೀತೆಯ ಸಂಸಾರವೇ ಈ ಕೂಡುಕುಟುಂಬದ್ದು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇವರು ಆಮೇಲೆ ಬಂದರು. ಶಿಶುನಾಳ ಶರೀಫರ ಪದಗಳನ್ನು ಅಶ್ವತ್ಥರ ಮಟ್ಟಿನಲ್ಲಿ ಕೇಳಿ ಬೆಳೆದ ನಾವು, ಅದೇ ಶರೀಫರನ್ನು ರಘು ದೀಕ್ಷಿತರು ಗಿಟಾರು ಹಿಡಿದು ಹಾಡಿದಾಗ ಮೊದಲು ಹುಬ್ಬೇರಿಸಿದೆವು. ನನ್ನ ಹುಬ್ಬು ಇಳಿಯಲು ಎರಡು ವರ್ಷ ಹಿಡಿಯಿತು.

ಇರಲಿ. ಅತ್ತೆಯವರ ಹಾಡಿಗೆ ಬರುವೆನು.

ವ್ಯಾಸರಾಯರು ವಿಜಯನಗರದ ಕಾಲದವರು; ೧೫೩೯ರಲ್ಲಿ ಬೃಂದಾವನಸ್ಥರಾದರು. ಅವರ ಈ ಪದದ ಕೊನೆಯ ಚರಣದಲ್ಲಿ ಉಡುಪಿಯ ಕೃಷ್ಣನ ಹೆಸರೇ ಬರುವುದರಿಂದ ರಥಬೀದಿಯ ಜನರು ಇದನ್ನು ತಮ್ಮ ಸ್ವಂತ ಆಸ್ತಿಯೆಂದು ತಿಳಿಯುವರು. ಆದರೆ ಹಾಡು ಊರಲ್ಲಿಯೇ ಕುಳಿತಿರಲಿಲ್ಲ. ಮದರಾಸಿನ ನಾಟ್ಯರಂಗದಲ್ಲಿ ಅದಕ್ಕೆ ಹೊಸ ಜನ್ಮ ಬಂದಿತು. ಬಾಲಸರಸ್ವತಿಯವರು ಇದಕ್ಕೆ ಮಾಡುತ್ತಿದ್ದ ಅಭಿನಯವು ಲೋಕಪ್ರಸಿದ್ಧವಾಯಿತು. ಸತ್ಯಜಿತ್ ರಾಯ್ ಅವರು ೧೯೭೬ರಲ್ಲಿ ತೆಗೆದ ‘ಬಾಲಾ’ ಎಂಬ ಚಿತ್ರದಲ್ಲಿ ಆಕೆ ಕಡಲ ತೀರದಲ್ಲಿ, ಗಾಳಿಗೆ ಸೆರಗು ಹಾರುತ್ತಿರಲು, ಈ ಪದಕ್ಕೇ ಅಭಿನಯಿಸುವರು. ಅದನ್ನು ನೋಡುವಾಗ ನಮ್ಮ ಕಾಪುವಿನ ದೀಪಸ್ತಂಭದ ಬುಡವೇ ನೆನಪಾಗುವುದು. ಯೇಸುದಾಸರ ಕಂಠದಿಂದ ಅದು ಕೇರಳದ ಮನೆಗಳಿಗೂ ಹೊಕ್ಕಿತು. ೧೯೯೬ರಲ್ಲಿ ಮುಂಬಯಿಯ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಎಂಬವರು ‘ಕೊಲೋನಿಯಲ್ ಕಸಿನ್ಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿನ ಹಾಡಿನೊಂದಿಗೆ ಇದನ್ನು ಹೆಣೆದರು. ನನ್ನ ಮಗಳು ಅಜ್ಜಿಗೆ ಕೇಳಿಸಿದ್ದು ಅದನ್ನೇ. ಅವಳು ಹುಟ್ಟುವ ಎಷ್ಟೋ ವರ್ಷ ಮೊದಲಿನ ಹಾಡು, ಅವಳಿಗೆ ಹೊಸದಾಗಿಯೇ ತೋರಿತು.

ಅತ್ತೆಯವರ ಮಟ್ಟನ್ನು ಕೇಳಿದ ಮೇಲೆ ಅವಳಿಗೆ ಹುಚ್ಚು ಹಿಡಿಯಿತು. ಇಷ್ಟು ದೊಡ್ಡ ಇಂಟರ್ನೆಟ್ಟಿನಲ್ಲಿ ಎಲ್ಲಿಯಾದರೂ ಒಬ್ಬರಾದರೂ ಆ ಮಟ್ಟನ್ನು ಹಾಡಿರಲೇಬೇಕೆಂದು ಹಟಹಿಡಿದು, ಹತ್ತು ದಿನಗಳ ಕಾಲ ಹುಡುಕಿದಳು. ಅವಳು ಹುಡುಕಿದ ಕ್ರಮವನ್ನು ಇಲ್ಲಿ ಬರೆಯುವುದರಿಂದ ಓದುಗರಿಗೆ ಪ್ರಯೋಜನವಾದೀತು. ಹಾಡಿನ ಮೊದಲ ಪದಗಳನ್ನು ಮಾತ್ರ ಬರೆದು ಹುಡುಕಿದರೆ ಯಂತ್ರವು ಲಕ್ಷಾಂತರ ಮಂದಿ ನೋಡಿದ್ದನ್ನೇ ಮುಂದೆ ತಂದು ನಿಲ್ಲಿಸುವುದು. ಒಂದನ್ನು ಕೇಳಿದರೆ ಅದರಂಥದೇ ಇನ್ನೊಂದನ್ನು ಬಡಿಸುವುದು. ಪಂಕ್ತಿಯಲ್ಲಿ ಬೇಡವೆಂದರೂ ಪಾಯಸವನ್ನೇ ಮತ್ತೆ ಮತ್ತೆ ಸುರಿಯುವ ಬಡಿಸುವವನಂತೆ ಅದರ ಸ್ವಭಾವ. ಅದಕ್ಕಾಗಿ ಅವಳು ಹಾಡಿನ ಹೆಸರಿನೊಡನೆ ರಾಗದ ಹೆಸರು, ವಾದ್ಯದ ಹೆಸರು, ಊರಿನ ಹೆಸರು, ‘ಸಂಪ್ರದಾಯದ ಹಾಡು’, ‘ಭಜನೆ’ ಮೊದಲಾದ ಮಾತುಗಳನ್ನು ಒಂದೊಂದಾಗಿ ಕೂಡಿಸಿ ನೋಡಿದಳು. ಕನ್ನಡ ಅಕ್ಷರದಲ್ಲಿಯೂ ತಮಿಳು ಮಲೆಯಾಳಗಳ ಅಕ್ಷರದಲ್ಲಿಯೂ ಬರೆದು ನೋಡಿದಳು. ಒಳ್ಳೆಯದೊಂದು ಸಿಕ್ಕಿದರೆ, ಯಂತ್ರವು ತೋರುವ ಮುಂದಿನದಕ್ಕೆ ಹೋಗದೆ, ಅದೇ ಹಾಡುಗಾರರು ಮತ್ತೇನೇನು ಹಾಕಿರುವರೆಂದು ನೋಡುವಳು. ಕೆಳಗೆ ಬರೆದಿರುವ ಒಕ್ಕಣೆಯನ್ನು ಬಿಡದೆ ಓದುವಳು. ರಾಗ, ರಚಿಸಿದವರು, ಕಲಿಸಿದವರು ಇವರ ಹೆಸರನ್ನು ಅಲ್ಲಿ ಬರೆದವರು ಹಾಡನ್ನೂ ಜೋಪಾನವಾಗಿ ಹಾಡಿರುವರೆಂಬುದು ಅವಳ ಅನುಭವ. ಒಂದು ಹಾಡನ್ನು ಯಾರು ಯಾರು ಮರಳಿ ಹಾಡಿದರೆಂಬ ಪಟ್ಟಿಯಿಡುವ ‘ಸೆಕೆಂಡ್‌ಹ್ಯಾಂಡ್ ಸಾಂಗ್ಸ್’ ಎಂಬ ತಾಣವೂ ಉಂಟು. ಇಂಗ್ಲಿಷಿನ ಹಾಡುಗಳಿಗೆ ಅದು ದೊಡ್ಡ ನಿಧಿ, ದಾಸರ ಪದಗಳಿಗೆ ಅಷ್ಟು ಒದಗದು.

ಹತ್ತು ದಿನಗಳಲ್ಲಿ ಅವಳ ಟಿಪ್ಪಣಿಯ ಪುಸ್ತಕದಲ್ಲಿ ಅರುವತ್ತೆರಡು ಹಾಡುಗಾರಿಕೆಗಳಾದುವು. ವೀಣೆ, ಕೊಳಲು, ಪಿಟೀಲು, ಕೀಬೋರ್ಡು. ಪರದೇಶದಲ್ಲಿರುವ ಮನೆಯ ಅಡಿಗೆಕೋಣೆಯಲ್ಲಿ ತಾಯಿ ಮಗಳಿಬ್ಬರು. ಹಾಸ್ಟೆಲ್ಲಿನ ಮಹಡಿಯ ಮೇಲೆ ನಾಲ್ವರು ಹುಡುಗರು, ವಾದ್ಯಗಳೇ ಇಲ್ಲದೆ ಬರಿಯ ಬಾಯಿಂದ ಎಲ್ಲ ನಾದಗಳನ್ನೂ ಹೊರಡಿಸುತ್ತ. ರಾತ್ರಿ ಊಟವಾದ ಮೇಲೆ ನಾವೆಲ್ಲರೂ ಕುಳಿತು ಕೇಳುವುದೇ ಒಂದು ಹಬ್ಬವಾಯಿತು. ಸುಮಾರು ಇಪ್ಪತ್ತು ಚೆನ್ನಾಗಿದ್ದುವು, ಐದಾರು ಬಹಳ ಚೆನ್ನಾಗಿದ್ದುವು. ಕೆಟ್ಟವೂ ಇದ್ದುವು: ದೇವರನಾಮದ ಕೆಳಗೆ ಯಂತ್ರದ ಡ್ರಮ್ಮನ್ನು ಇಟ್ಟು, ಅದು ಮದುವೆಯ ದಿಬ್ಬಣವೋ ಬಾಲಲೀಲೆಯೋ ತಿಳಿಯದಂತೆ ಕುಟ್ಟುವವು. ಡ್ರಮ್ಮನ್ನು ತೆಗೆದುಬಿಟ್ಟರೆ ಹಾಡು ಉಳಿಯುವುದೇ ಎಂದು ಕೇಳಿ ನೋಡಬೇಕೆಂದು ನನ್ನ ಹೆಂಡತಿ ಹೇಳಿದಳು. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾನು ಬೇರೆಲ್ಲಿಯೂ ಕಾಣೆನು.

ಆದರೆ ಅರುವತ್ತೆರಡರಲ್ಲಿ ಒಂದಾದರೂ ಅತ್ತೆಯವರ ಮಟ್ಟಾಗಿರಲಿಲ್ಲ. ಹೆಚ್ಚು ಕಡಿಮೆ ಎಲ್ಲವೂ ಯಮುನಾಕಲ್ಯಾಣಿ. ಆ ರಾಗವು ಸುಂದರವಾದುದೇ, ಸಂದೇಹವಿಲ್ಲ. ದೊಡ್ಡವರು ಹಾಡಿದರು, ಪ್ಲೇಟು ಬಂದಿತು, ರೇಡಿಯೋ ಬಂದಿತು, ಕ್ಯಾಸೆಟ್ಟು ಬಂದಿತು. ಕಲಿಯುವವರು ಅದನ್ನೇ ಕೇಳಿ ಅದನ್ನೇ ಕಲಿತರು. ಪುರಂದರದಾಸರ “ಭಾಗ್ಯದ ಲಕ್ಷ್ಮೀ ಬಾರಮ್ಮ” ಎಂಬುದಕ್ಕೆ ಕರ್ನಾಟಕ ಸಂಗೀತದವರ ಮಧ್ಯಮಾವತಿಯೂ ಉಂಟು, ಭೀಮಸೇನ ಜೋಶಿಯವರ ಹಿಂದುಸ್ತಾನಿ ಮಟ್ಟೂ ಉಂಟು. ಎರಡೂ ಸಮಾನವಾಗಿ ಬಾಳಿದುವು. ಎಲ್ಲ ಹಾಡುಗಳಿಗೂ ಆ ಭಾಗ್ಯವಿಲ್ಲ. ದಾಸರು ಹಾಡಿದ ಮೂಲದ ಮಟ್ಟುಗಳು ಬಹುಮಟ್ಟಿಗೆ ಕಳೆದುಹೋಗಿರುವುವೆಂದು ವಿದ್ವಾಂಸರು ಹೇಳುವರು. ಹಾಗಿರುವಾಗ ಪ್ರತಿ ಮನೆಯ ಹೆಂಗಸರೂ ತಮಗೆ ತೋರಿದಂತೆ ಕಟ್ಟಿಕೊಂಡ ಮಟ್ಟೂ ಒಂದು ಕವರೇ ಅಲ್ಲವೇ? ಪ್ಲೇಟಿಗೆ ಹತ್ತಿದ ಮಟ್ಟು ಉಳಿಯಿತು, ಒರಳಿನ ಬಳಿಯ ಮಟ್ಟು ಉಳಿಯಲಿಲ್ಲ. ಸಾವಿರ ಮಂದಿ ಹಾಡಿದರೂ ಇಂಟರ್ನೆಟ್ಟಿನಲ್ಲಿ ಕೇಳುವುದು ಅದೊಂದರ ಸಾವಿರ ರೂಪಗಳನ್ನು. ಈ ಮಾತನ್ನು ಮಗಳಿಗೆ ಹೇಳಿದಾಗ ಅವಳು, “ಹಾಗಾದರೆ ನಾವೇ ಹಾಕುವ ಅಪ್ಪ” ಎಂದಳು.

ಅವಳಿಗೆ ಕಾರ್ಕಳದ ಕಡೆಯ ಒಬ್ಬ ಸಹಪಾಠಿಯುಂಟು. ಅವನ ತಂದೆ ಸ್ಯಾಕ್ಸೊಫೋನ್ ವಾದಕರು; ಮದುವೆ, ಜಾತ್ರೆ, ನೇಮಗಳಿಗೆ ಹೋಗುವವರು. ಪರದೇಶದ ಈ ವಾದ್ಯವು ತುಳುನಾಡಿನಲ್ಲಿ ನಾಗಸ್ವರದ ಪಕ್ಕದಲ್ಲಿ ಮಣೆಹಾಕಿ ಕುಳಿತಿರುವುದನ್ನು ಹೊರಗಿನವರು ನೋಡಿದರೆ ಬೆರಗಾಗುವರು. ಸಜಿಪದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ಗಮಕಗಳಿಗೆ ಒಗ್ಗುವಂತೆ ಅದನ್ನು ಮಾರ್ಪಡಿಸಿ, ೧೯೯೪ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನವರೆಗೆ ಕೊಂಡೊಯ್ದರು, ೨೦೧೯ರಲ್ಲಿ ತೀರಿಕೊಂಡರು. ನೇಮದ ರಾತ್ರಿ ಡೋಲು ತಾಸೆಗಳ ನಡುವೆ ಸ್ಯಾಕ್ಸೊಫೋನಿನಲ್ಲಿ ಸಿನೆಮಾ ಹಾಡು ಹೊರಡುವುದನ್ನು ಕೇಳಿದವರಿಗೆ ಮ್ಯಾಷಪ್ಪಿನ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಈ ಹುಡುಗನು ಅಂಥ ಮನೆಯವನು.

ಅಷ್ಟಮಿ ಕಳೆದ ಮೇಲಿನ ಒಂದು ಭಾನುವಾರ ಇಬ್ಬರೂ ಕಾಪುವಿಗೆ ಹೋದರು. ನಾನೂ ಜೊತೆಗೆ ಹೋದೆನು. ಮೊದಲು ಯಂತ್ರದ ತಾಳವನ್ನು ಅತ್ತೆಯವರ ಕಿವಿಗೆ ಹಚ್ಚಿ ಹಾಡಲು ಹೇಳಿದರು. ಆಗಲಿಲ್ಲ. ತಾಳವು ಮುಂದೆ, ಅತ್ತೆ ಹಿಂದೆ. ಒಮ್ಮೆ ಅತ್ತೆ ಮುಂದೆ, ತಾಳ ಹಿಂದೆ. ನಾಲ್ಕನೆಯ ಸಲಕ್ಕೆ ಅವರು ಬೇಸರಗೊಂಡು, “ಬರಿಗೈಯಲ್ಲಿ ಕೂತು ಹೇಳಿದ ಅಭ್ಯಾಸ ನನಗಿಲ್ಲ, ಸ್ವಲ್ಪ ಮಲ್ಲಿಗೆ ತಾ” ಎಂದರು.

ಆಗ ನಮಗೆ ವಿಷಯವು ತಿಳಿಯಿತು. ಅವರ ತವರಿನಲ್ಲಿ, ಎಂದರೆ ನನ್ನ ತಂದೆಯ ಮನೆಯಲ್ಲಿ, ಶಂಕರಪುರದ ಮಲ್ಲಿಗೆಯ ಗಿಡಗಳಿದ್ದುವು. ಸುಮಾರು ೮೦೦ ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಸ್ಸಿಗೆ ಹೊತ್ತಾಗುವ ಮೊದಲು ಮನೆಯ ಹೆಂಗಸರೆಲ್ಲ ಕುಳಿತು ಬಾಳೆಯ ನಾರಿನಲ್ಲಿ ಕಟ್ಟಿ ಮುಗಿಸಬೇಕು. ನನ್ನ ಅಜ್ಜಿ ಹಾಡುತ್ತಿದ್ದುದು ಆ ಹೊತ್ತಿನಲ್ಲಿ. ನೆರೆಮನೆಯಿಂದ ಒಂದು ಹಿಡಿ ಮೊಗ್ಗನ್ನೂ ನಾರನ್ನೂ ತಂದು ಅತ್ತೆಯವರ ಮಡಿಲಿಗೆ ಹಾಕಿದೆವು. ಅವರ ಬೆರಳುಗಳು ಮೊಗ್ಗನ್ನು ಜೋಡಿಸಿದುವು, ನಾರನ್ನು ಸುತ್ತಿದುವು, ಗಂಟು ಬಿಗಿದುವು. ಗಂಟು ಬಿಗಿಯುವಲ್ಲಿ ಹಾಡು ನಿಂತಿತು, ಬಿಗಿದ ಮೇಲೆ ಮುಂದುವರಿಯಿತು. ನಾನು ಮರೆವೆಂದು ಎಣಿಸಿದ್ದ ಆ ನಿಲುಗಡೆಯೇ ಅದರ ತಾಳವಾಗಿದ್ದಿತು.

ಹುಡುಗನು ಯಂತ್ರವನ್ನು ಮುಚ್ಚಿಟ್ಟು ಸ್ಯಾಕ್ಸೊಫೋನನ್ನು ತೆಗೆದುಕೊಂಡನು. ಮೊದಲ ಸಲ ಅವನು ನಿಲುಗಡೆಗಳಲ್ಲಿಯೇ ಊದಿದನು. ಸಹಜವಾಗಿ ಯಾರಾದರೂ ಹಾಗೆಯೇ ಮಾಡುವರು. ಅತ್ತೆಯವರು ಕೈಯೆತ್ತಿ, “ಅಲ್ಲಿ ಊದಬೇಡ ಮಗಾ, ಅಲ್ಲಿ ಗಂಟು ಬೀಳುವುದು” ಎಂದರು. ಎರಡನೆಯ ಸಲ ಅವನು ಸಾಲಿನ ನಡುವೆ ಬಹಳ ಮೆಲ್ಲನೆ, ಶ್ರುತಿಗೆ ಆಧಾರವಾಗುವಷ್ಟು ಮಾತ್ರ ಊದಿ, ನಿಲುಗಡೆಗಳಲ್ಲಿ ತಾನೂ ನಿಂತನು. ನಾಲ್ಕು ನಿಮಿಷಗಳ ಹಾಡಾಯಿತು. ದೀಪಾವಳಿಯ ಹೊತ್ತಿಗೆ ಮಗಳು ಅದನ್ನು ಯೂಟ್ಯೂಬಿನಲ್ಲಿ ಹಾಕಿದಳು. ಕೆಳಗೆ ಪದ ಯಾರದು, ಮಟ್ಟು ಯಾರಿಂದ ಬಂದದ್ದು, ಯಾವ ಊರಿನದು ಎಂದು ಬರೆದಳು. ಸಾವಿರದಷ್ಟು ಮಂದಿ ಕೇಳಿದರು. ಅತ್ತೆಯವರಿಗೆ ಅದನ್ನು ಹೇಳಿದಾಗ, “ಅಷ್ಟು ಜನಕ್ಕೆ ಕಾಫಿ ಮಾಡಿ ಕೊಡುವವರು ಯಾರು?” ಎಂದು ನಕ್ಕರು.

ಸಂಕ್ರಾಂತಿಯ ಮರುದಿನ ಮಗಳು ಮಣಿಪಾಲದಿಂದ ಫೋನುಮಾಡಿದಳು. ದನಿಯಲ್ಲಿ ಅಳು ಇದ್ದಿತು. ಯಾರೋ ಆ ಹಾಡನ್ನು ತೆಗೆದುಕೊಂಡು, ಕೆಳಗೆ ಡ್ರಮ್ಮನ್ನು ಕೂಡಿಸಿ ರೀಮಿಕ್ಸ್ ಮಾಡಿ ಹಾಕಿದ್ದರು. ಹೆಸರುಗಳು ಯಾವುವೂ ಇರಲಿಲ್ಲ. “ಸಾಂಪ್ರದಾಯಿಕ” ಎಂದಷ್ಟೇ ಇದ್ದಿತು. ತಾಳಕ್ಕೆ ಹೊಂದಬೇಕೆಂದು ನಿಲುಗಡೆಗಳನ್ನೆಲ್ಲ ಕತ್ತರಿಸಿದ್ದರು. ನಮ್ಮದನ್ನು ಕೇಳಿದವರ ಮೂವತ್ತು ಪಾಲು ಮಂದಿ ಅದನ್ನು ಒಂದೇ ವಾರದಲ್ಲಿ ಕೇಳಿದ್ದರು. ನಾನೂ ಕೇಳಿದೆನು. ನಿಜವನ್ನು ಹೇಳಬೇಕೆಂದರೆ ಕೇಳಲು ಚೆನ್ನಾಗಿಯೇ ಇದ್ದಿತು. ಅದರಿಂದಲೇ ಹೆಚ್ಚು ಸಂಕಟವಾಯಿತು.

ಇಂಥ ವ್ಯಾಜ್ಯಗಳು ನಮ್ಮ ಜಿಲ್ಲೆಗೆ ಹೊಸದಲ್ಲ. ಕುಂದಾಪುರ ತಾಲೂಕಿನ ಕೆರಾಡಿಯವರಾದ ರಿಷಬ್ ಶೆಟ್ಟರ ‘ಕಾಂತಾರ’ವು ೨೦೨೨ರ ಸೆಪ್ಟೆಂಬರಿನಲ್ಲಿ ತೆರೆಕಂಡಾಗ ‘ವರಾಹ ರೂಪಂ’ ಎಂಬ ಹಾಡು ಮನೆಮಾತಾಯಿತು. ತಮ್ಮ ‘ನವರಸಂ’ ಎಂಬ ಹಾಡಿಗೆ ಅದು ತೀರ ಹತ್ತಿರವಾಗಿರುವುದೆಂದು ಕೇರಳದ ‘ತೈಕ್ಕುಡಂ ಬ್ರಿಡ್ಜ್’ ತಂಡದವರು ನ್ಯಾಯಾಲಯಕ್ಕೆ ಹೋದರು. ನವೆಂಬರಿನಲ್ಲಿ ಚಿತ್ರವು ಮನೆಗಳ ಪರದೆಗೆ ಬಂದಾಗ ಕೆಲಕಾಲ ಅದೇ ಪದಗಳು ಬೇರೆ ಮಟ್ಟಿನಲ್ಲಿದ್ದುವು. ಜನರು ಒಪ್ಪಲಿಲ್ಲ, ನ್ಯಾಯಾಲಯದ ಆಜ್ಞೆ ಬದಲಾದ ಮೇಲೆ ಮೊದಲಿನ ಮಟ್ಟು ಮರಳಿತು. ಯಾರದು ಸರಿಯೆಂದು ಹೇಳಲು ನಾನು ಯಾರು? ಆದರೆ ಪದಗಳು ಅವೇ ಇದ್ದರೂ ಮಟ್ಟು ಬೇರೆಯಾದರೆ ಹಾಡೇ ಬೇರೆಯಾಗುವುದೆಂಬುದನ್ನು ಅಂದು ಊರಿಗೆ ಊರೇ ಕಿವಿಯಾರೆ ಕಂಡಿತು.

ಕಾಯಿದೆಯ ವಿಷಯವಾಗಿ ಮಗಳು ಓದಿ ತಿಳಿದದ್ದನ್ನು ಚುಟುಕಾಗಿ ಹೇಳುವೆನು. ವ್ಯಾಸರಾಯರ ಪದಕ್ಕೆ ಈಗ ಯಾರ ಹಕ್ಕೂ ಇಲ್ಲ. ರಚಿಸಿದವರು ತೀರಿಕೊಂಡು ೬೦ ವರ್ಷಗಳಾದ ಮೇಲೆ ಕೃತಿಯು ಎಲ್ಲರದೂ ಆಗುವುದು. ಹೊಸ ಹಾಡುಗಳ ಕವರನ್ನು ಮಾರಾಟಕ್ಕಾಗಿ ಮುದ್ರಿಸುವುದಾದರೆ, ಅಪ್ಪಣೆಯನ್ನು ಪಡೆಯದವರು ೧೯೫೭ರ ಕಾಯಿದೆಗೆ ೨೦೧೨ರಲ್ಲಿ ಬಂದ ತಿದ್ದುಪಡಿಯಂತೆ, ಮೂಲದ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಾಯಬೇಕು. ಮುಂಗಡವಾಗಿ ತಿಳಿಸಿ ಗೌರವಧನವನ್ನೂ ಕೊಡಬೇಕು. ಇನ್ನು ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ೫೦ ವರ್ಷಗಳ ಹಕ್ಕು ಉಂಟು. ಅಂದರೆ ಕಾಪುವಿನ ಚಾವಡಿಯಲ್ಲಿ ಮಲ್ಲಿಗೆ ಕಟ್ಟುತ್ತ ಹಾಡಿದ ಎಂಬತ್ತಮೂರರ ವೃದ್ಧೆಗೂ ಆ ಹಕ್ಕು ಉಂಟು. ಒಂದು ಅರ್ಜಿಯನ್ನು ತುಂಬಿದರೆ ಆ ರೀಮಿಕ್ಸನ್ನು ಅಲ್ಲಿಂದ ತೆಗೆಸಬಹುದೆಂದು ಮಗಳು ಹೇಳಿದಳು. ತೆಗೆಸಲೇಬೇಕೆಂದು ಅವಳ ಮನಸ್ಸು. ನನ್ನ ಮನಸ್ಸೂ ಅದೇ.

ಅತ್ತೆಯವರನ್ನು ಕೇಳದೆ ಮಾಡುವುದು ಸರಿಯಲ್ಲವೆಂದು ಹೋಗಿ ಕೇಳಿದೆವು. ರೀಮಿಕ್ಸನ್ನು ಅವರಿಗೆ ಕೇಳಿಸಿದೆವು. ಡ್ರಮ್ಮಿಗೆ ಅವರ ತಕರಾರಿರಲಿಲ್ಲ. ನಿಲುಗಡೆಗಳು ಹೋದದ್ದಕ್ಕೆ ಮಾತ್ರ, “ಗಂಟೇ ಹಾಕದೆ ಕಟ್ಟಿದ್ದಾರೆ, ಉದುರಿಹೋಗುತ್ತದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ತೆಗೆಯುವುದು ಬೇಡ. ಹೆಸರು ಹಾಕಲಿಕ್ಕೆ ಬರೆ. ನನ್ನದಲ್ಲ, ಅಮ್ಮನದ್ದು” ಎಂದರು. ಮಗಳಿಗೆ ಇದು ಹಿಡಿಸಲಿಲ್ಲ. ದಾರಿಯುದ್ದಕ್ಕೂ ನನ್ನೊಡನೆ ವಾದಿಸುತ್ತ ಬಂದಳು. ಮನೆಗೆ ಬಂದ ಮೇಲೆ ಅಜ್ಜಿ ಹೇಳಿದಂತೆಯೇ ಬರೆದಳು. ಹನ್ನೆರಡು ದಿನಗಳ ಮೇಲೆ ಎರಡು ಸಾಲಿನ ಉತ್ತರವು ಬಂದಿತು. ರೀಮಿಕ್ಸಿನ ಕೆಳಗೆ ನನ್ನ ಅಜ್ಜಿಯ ಹೆಸರೂ ಕಾಪುವಿನ ಹೆಸರೂ ನಮ್ಮ ಮೂಲ ಹಾಡಿನ ಕೊಂಡಿ ಸಹಿತವಾಗಿ ಸೇರಿದುವು. ನಿಲುಗಡೆಗಳು ಮರಳಲಿಲ್ಲ. ಆ ಕೊಂಡಿಯನ್ನು ಹಿಡಿದು ಬಂದ ಕೆಲವರು ಈಗ ಮೂಲವನ್ನು ಕೇಳುತ್ತಿರುವರು. ಬಾರಕೂರಿನ ಒಬ್ಬರು ತಮ್ಮ ತಾಯಿಯೂ ಹೀಗೆಯೇ ನಿಲ್ಲಿಸಿ ನಿಲ್ಲಿಸಿ ಹಾಡುತ್ತಿದ್ದರೆಂದು ಬರೆದಿರುವರು. ಅವರಲ್ಲಿ ಮಲ್ಲಿಗೆಯಿರಲಿಲ್ಲವಂತೆ, ಮೊಸರು ಕಡೆಯುವಾಗಿನ ಹಾಡಂತೆ.

ಅತ್ತೆಯವರಿಗೆ ಈಗ ಉತ್ಸಾಹ ಹೆಚ್ಚಿರುವುದು. ಹೋದ ವಾರ ಇನ್ನೊಂದು ಪದವನ್ನು ತೆಗೆದರು, ತೊಟ್ಟಿಲ ಹಾಡು. ಎರಡು ಚರಣಗಳು ಸರಾಗವಾಗಿ ಬಂದುವು. ಮೂರನೆಯದರ ಮಟ್ಟು ಎಷ್ಟು ನೆನೆದರೂ ಬರಲೊಲ್ಲದು. ಅದನ್ನು ಬಲ್ಲವರು ಕಾರ್ಕಳದಲ್ಲಿರುವ ಅವರ ಚಿಕ್ಕಮ್ಮನ ಮಗಳೊಬ್ಬರು ಮಾತ್ರವಂತೆ. ಅವರಿಗೆ ಎಂಬತ್ತೆಂಟು. ಬರುವ ಭಾನುವಾರ ಬೆಳಗ್ಗೆ ಏಳರ ಬಸ್ಸಿಗೆ ಹೊರಡುವೆವು. ಹುಡುಗನು ಕಾರ್ಕಳದ ಬಸ್‌ಸ್ಟ್ಯಾಂಡಿಗೆ ಬಂದು ಸೇರುವನು. ಸ್ಯಾಕ್ಸೊಫೋನು ಈ ಸಲ ಬೇಡ, ಮೊದಲು ಕೇಳುವ ಎಂದು ಅತ್ತೆಯವರ ಅಪ್ಪಣೆಯಾಗಿದೆ.